ದೊಡ್ಡಪ್ಪನ ಹೆಬ್ಬೆರಳಿನ ಪಂಚಕಜ್ಜಾಯ

ದೊಡ್ಡಪ್ಪನ ಹೆಬ್ಬೆರಳಿನ ಕುರು ಆ ವಾರ ಮುಂಬೈಯ ನಮ್ಮ ಸಾಂತಾಕ್ರೂಜ್ ಮನೆಯ ಆರನೆಯ ಸದಸ್ಯನಾಗಿತ್ತು. ನಿಂಬೆಹಣ್ಣಿನಷ್ಟು ದಪ್ಪ, ಅಷ್ಟೇ ಹಳದಿ. ಅದಕ್ಕೆ ಹಳೇ ಲುಂಗಿಯ ತುಂಡು ಸುತ್ತಿಕೊಂಡಿದ್ದರು. ಅಕ್ಕನನ್ನು ನೋಡಲು ಬರುವವರಿಗೆಂದು ಬೆಳಿಗ್ಗೆಯೇ ಅದೇ ಕೈಯಲ್ಲಿ ಅವಲಕ್ಕಿ ಪಂಚಕಜ್ಜಾಯ ಕಲಸಿಟ್ಟರು. ಶುಭಕಾರ್ಯಕ್ಕೆ ಮನೆಯ ಹಿರಿಯರು ಕೈಯಿಂದಲೇ ಹಿಸುಕಬೇಕು, ಸೌಟು ಮುಟ್ಟಿಸಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಆ ಪಚಪಚ ಸದ್ದು ಬಾಂದ್ರಾದವರೆಗೆ ಕೇಳಿಸಿರಬೇಕು.

ಅಕ್ಕ ಲ್ಯಾಬಿನಲ್ಲಿ ಕೀವಿನ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮದುವೆಯಾದರೆ ಅದನ್ನು ಬಿಡಬೇಕೆಂದು ಹುಡುಗನ ತಾಯಿ ಮೊದಲೇ ಹೇಳಿ ಕಳಿಸಿದ್ದರು. ಫೋಟೋದ ಹುಡುಗ ಅಕ್ಕನಿಗೆ ಇಷ್ಟವಾಗಿದ್ದ. ಲ್ಯಾಬು ಅವನಿಗಿಂತ ಇಷ್ಟ.

ಮಧ್ಯಾಹ್ನ ಹುಡುಗ ಮತ್ತು ಅವನ ತಾಯಿ ಬಂದರು. ಆಗಷ್ಟೇ ಲ್ಯಾಬಿನಿಂದ ಬಂದಿದ್ದ ಅಕ್ಕ ತಟ್ಟೆಗಳನ್ನು ಕೊಟ್ಟು ತಿರುಗಿದವಳು ದೊಡ್ಡಪ್ಪನ ಬೆರಳು ನೋಡಿದಳು. ಕುರು ಒಡೆದಿತ್ತು. ಬಟ್ಟೆ ಇರಲಿಲ್ಲ.

“ತಿನ್ನಬೇಡಿ,” ಎಂದಳು.

“ಬಿಸಿ ಮಾಡಿ ಕೊಟ್ರಾಯ್ತಲ್ಲ ಮಾರಾಯ್ತಿ,” ಎಂದಳು ಅಮ್ಮ.

“ಬಿಸಿ ಮಾಡಿದ್ರೆ ಬ್ಯಾಕ್ಟೀರಿಯಾ ಸಾಯ್ತದೆ, ವಿಷ ಸಾಯುದಿಲ್ಲ.”

ಹುಡುಗ ಚಮಚ ಕೆಳಗಿಟ್ಟ. “ಈ ಬ್ಯಾಕ್ಟೀರಿಯಾ ಯಾವಾಗ್ಲೂ ವಿಷ ಬಿಡ್ತವಾ?”

“ಇಲ್ಲ. ಖಾಲಿ ಲೋಕಲ್ ಟ್ರೇನಿನಲ್ಲಿ ಎಲ್ರೂ ಸಭ್ಯರು, ದಾದರ್ ಬಂದ್ರೆ ಮೊಣಕೈ ಹೊರಗೆ ಬರ್ತದಲ್ಲ? ಇವೂ ಹಾಗೇ. ಕಮ್ಮಿ ಇದ್ದಾಗ ಸುಮ್ನೆ ಅಂಟಿಕೊಂಡಿರ್ತವೆ. ರಶ್ ಆದ್ರೆ ಒಳಗೆ ಒಂದು ಆರ್‌ಎನ್‌ಎ ತಯಾರಾಗ್ತದೆ. ಎಷ್ಟೋ ಆರ್‌ಎನ್‌ಎ ಪ್ರೋಟೀನ್ ಮಾಡ್ಲಿಕ್ಕೆ ಬರೆದ ಚೀಟಿ ಇದ್ದ ಹಾಗೆ. ಇದು ತಾನೇ ಹುಕುಂ ಕೊಡ್ತದೆ, ಅಂಟಿದ್ದು ಸಾಕು, ವಿಷ ಬಿಡಿ ಅಂತ. ನಾನು ನೋಡುದು ಅದನ್ನೇ.”

ಹುಡುಗನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ತಿನ್ನುವಾಗ ಕೀವಿನ ಕಥೆಯಾ? ಇದಕ್ಕೇ ನಾನು ಬಿಡ್ಲಿಕ್ಕೆ ಹೇಳಿದ್ದು.”

ದೊಡ್ಡಪ್ಪನಿಗೆ ಅವಮಾನವಾಯಿತು. “ಎಂತ ವಿಷ? ನಾನೇ ತಿಂತೇನೆ,” ಎಂದು ಎಲ್ಲರ ತಟ್ಟೆಗಳನ್ನೂ ತನ್ನ ಮುಂದೆ ಸುರಿದುಕೊಂಡು, ಗೋರಿ ಗೋರಿ ತಿಂದು, ಕೊನೆಗೆ ಆ ಹೆಬ್ಬೆರಳನ್ನೂ ನೆಕ್ಕಿದರು.

ಮನೆಯ ಮಾನ ಉಳಿಸಲು ಅಪ್ಪ ಜಾತಕ ಬಿಚ್ಚಿದರು. ಮಾತು ಸಂಜೆಯವರೆಗೆ ಎಳೆಯಿತು. ಅಷ್ಟರಲ್ಲಿ ಬೆವರುತ್ತಿದ್ದ ದೊಡ್ಡಪ್ಪ ಬಾಲ್ಕನಿಗೆ ಓಡಿದರು. ಕೆಳಗಿನ ಮನೆಯವರು ಇನ್ನೂ ಎತ್ತಿರದ ಹಪ್ಪಳಗಳ ಮೇಲೆ ಪಂಚಕಜ್ಜಾಯದ ಮಳೆಯಾಯಿತು. ಕೊನೆಯಲ್ಲಿ, ತೆಂಗಿನತುರಿ ಮೆತ್ತಿಕೊಂಡು, ಲುಂಗಿಯ ತುಂಡು ಇಳಿಯಿತು.

ಹುಡುಗನ ತಾಯಿ ಬಗ್ಗಿ ನೋಡಿದರು. ತಾನು ತಿನ್ನಬೇಕಿದ್ದ ತಟ್ಟೆ ನೆನಪಾಗಿರಬೇಕು. ಆಮೇಲೆ ಅಕ್ಕನ ಕಡೆ ತಿರುಗಿದರು.

“ಲ್ಯಾಬ್ ಬಿಡುದು ಬೇಡ. ಕೈ ತೊಳ್ಕೊಂಡೇ ಮನೆ ಒಳಗೆ ಬಾ. ಮತ್ತೆ, ಮದುವೆ ಅಡುಗೆಗೆ ಈ ದೊಡ್ಡಪ್ಪ ಬೇಡ.”