ಹಲೋ ಅವರ ಡಬ್ಬಿ ಮಾತು ಕಲಿತದ್ದು

ನೀರು ಸರಬರಾಜು ಕಚೇರಿಯ ಟೆಲಿಫೋನ್ ಆಪರೇಟರನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮೇಲಧಿಕಾರಿಗೆ ಅವರು ‘ಹಲೋ’, ಉಳಿದವರಿಗೆ ‘ಹಲೋ ಸಾರ್’, ಹೆಂಡತಿಯ ತಂಗಿಗೆ ‘ಹಲೋ ಭಾವ’. ಹುಟ್ಟಿನಿಂದಲೇ ಕಣ್ಣು ಕಾಣದ ಅವರಿಗೆ ಲೋಕವೆಲ್ಲ ಕಿವಿಯ ಬಾಗಿಲಿನಿಂದಲೇ ಒಳಗೆ ಬರಬೇಕು. ಆ ಬಾಗಿಲನ್ನು ಅವರು ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆಂದರೆ, ನಲ್ಲಿಯಲ್ಲಿ ನೀರಿಲ್ಲವೆಂದು ಬೈಯಲು ಫೋನ್ ಮಾಡಿದವರು ಬಾಯಿ ತೆರೆಯುವ ಮೊದಲೇ, ಉಸಿರೆಳೆದುಕೊಂಡ ಬಗೆಯಲ್ಲೇ, ಇದು ಖಾಲಿ ಬಕೆಟ್ಟಿನ ಮುಂದೆ ನಿಂತ ಸಿಟ್ಟೋ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತ ಸಿಟ್ಟೋ ಎಂದು ಕಂಡುಹಿಡಿಯುತ್ತಾರೆ. ಎರಡನೆಯದಾದರೆ ತಾವು ಸಮಾಧಾನ ಹೇಳಲು ಹೋಗುವುದಿಲ್ಲ. ಸೀದಾ ಇಂಜಿನಿಯರರ ಕೋಣೆಗೆ ದಾಟಿಸಿಬಿಡುತ್ತಾರೆ.

ತಮ್ಮ ಕಿವಿಯ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು. ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ತುಳಿಯುವ ವೇಗ ಕೇಳಿಯೇ ಆಕೆಯ ಮನಸ್ಸು ಹೇಗಿದೆ ಎಂದು ಹೇಳಬಲ್ಲೆ ಅನ್ನುತ್ತಿದ್ದರು. ಆಕೆ ಮುಂದಿನ ಕೋಣೆಯಲ್ಲಿ ಕೂತು ದಿಂಬಿನ ಕವರು, ಶಾಲೆಯ ಯೂನಿಫಾರ್ಮು ಹೊಲಿಯುತ್ತಾರೆ. ಗಂಡನ ಈ ಮಾತು ಕಿವಿಗೆ ಬಿದ್ದರೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಾರೆ.

ಇಂಥ ಕಿವಿಯ ಮನುಷ್ಯನಿಗೆ ನಾದಿನಿ ಒಂದು ಮ್ಯೂಸಿಕ್ ಪ್ಲೇಯರ್ ತಂದುಕೊಟ್ಟಳು. ಅವಳು ದೊಡ್ಡ ಫೋನ್ ಕೊಂಡ ಮೇಲೆ ಅದು ಮೇಜಿನ ಖಾನೆಯಲ್ಲಿ ಧೂಳು ತಿನ್ನುತ್ತಿತ್ತು. ಸೋಪಿನ ಬಿಲ್ಲೆಯಷ್ಟು ಗಾತ್ರ, ಮೈಮೇಲೆ ಬೆರಳಿಂದ ತಿರುಗಿಸುವ ಒಂದು ಚಕ್ರ, ಚಕ್ರದ ಮೇಲ್ಗಡೆ ಪುಟ್ಟ ಪರದೆ. ಒಳಗೆ ಸಾವಿರಾರು ಹಾಡು ಹಿಡಿಯುತ್ತಿತ್ತು. ಹಲೋ ಅವರ ಹೆಂಡತಿ ಅದಕ್ಕೆ ‘ಡಬ್ಬಿ’ ಎಂದು ಹೆಸರಿಟ್ಟರು. ಡಬ್ಬಿಯ ದೋಷ ಒಂದೇ. ಹೇಳಬೇಕಾದದ್ದನ್ನೆಲ್ಲ ಪರದೆಯ ಮೇಲೆ ಬರೆದು ತೋರಿಸುತ್ತಿತ್ತು, ತುಟಿಪಿಟಿಕ್ಕೆನ್ನುತ್ತಿರಲಿಲ್ಲ.

ಹಾಗಾಗಿ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಅತ್ತ ಇತ್ತ ಓಡಾಡುವವರನ್ನು ಹಿಡಿದು ಹಾಡು ಹಾಕಿಸಿಕೊಳ್ಳಬೇಕು. ಕ್ಯಾಷಿಯರ್ ಸಿಕ್ಕರೆ ತನ್ನ ಇಷ್ಟದ ಯಾರದೋ ಭಾಷಣ ಹಾಕಿಕೊಟ್ಟು, ಬೆಳಿಗ್ಗೆ ಬೇಗ ಏಳುವುದರಿಂದಾಗುವ ಲಾಭಗಳನ್ನು ಕೇಳಿಸಿ ಹೋಗುತ್ತಿದ್ದ. ಒಮ್ಮೆ ಹಲೋ ಅವರು ಯಾರ ಹಂಗೂ ಬೇಡವೆಂದು ತಾವೇ ಚಕ್ರ ತಿರುಗಿಸಿ ಏನನ್ನೋ ಒತ್ತಿದರು. ಡಬ್ಬಿ ಒಂದೇ ಹಾಡನ್ನು ಕಚ್ಚಿಕೊಂಡಿತು. ಮುಗಿದರೆ ಮತ್ತೆ ಅದೇ, ಆರಿಸಿ ಹಚ್ಚಿದರೂ ಅದೇ. ಆ ವಾರ ನಾದಿನಿ ಊರಲ್ಲಿರಲಿಲ್ಲ, ಬೇರೆ ಯಾರಿಗೂ ಅದನ್ನು ಬಿಡಿಸುವ ದಾರಿ ತಿಳಿಯಲಿಲ್ಲ. ವಾರ ಕಳೆಯುವ ಹೊತ್ತಿಗೆ ಆ ಹಾಡಿನ ನಾಯಕಿ ನಾಯಕನನ್ನು ಬಿಟ್ಟು ಹೋದದ್ದೇ ಸರಿ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು.

ಮನೆಯಲ್ಲಾದರೆ ‘ಏನೇ, ಇದು ಸಾಕು, ಬೇರೆ ಹಾಕು’ ಎಂದು ಕೂಗುವುದು. ಹೆಂಡತಿ ದಾರ ಕಡಿದು, ಗೊಣಗುತ್ತಾ ಬಂದು, ಹಾಡು ಬದಲಿಸಿ ಹೋಗುವುದು. ಆಕೆ ಕುರ್ಚಿಗೆ ಮರಳುವಷ್ಟರಲ್ಲಿ ಮತ್ತೊಂದು ಕೂಗು. ಹಲೋ ಅವರಿಗೆ ಇದು ಮುಳ್ಳಿನಂತೆ ಚುಚ್ಚುತ್ತಿತ್ತು. ಊರಿನವರ ಫೋನನ್ನೆಲ್ಲ ಬೇಕಾದವರಿಗೆ ಜೋಡಿಸಿಕೊಡುವ ತಾನು ತನ್ನ ಕಿವಿಗೆ ತನಗೆ ಬೇಕಾದ ಒಂದು ಹಾಡನ್ನು ಜೋಡಿಸಿಕೊಳ್ಳಲಾರೆನೇ? ಬೆರಳು ತನ್ನದು, ಕಿವಿ ತನ್ನದು, ನಡುವೆ ಇನ್ನೊಬ್ಬರ ಕಣ್ಣು ಯಾಕೆ ಬರಬೇಕು? ಯಾರನ್ನೂ ಕರೆಯದೆ ಒಂದೇ ಒಂದು ಹಾಡನ್ನು ತಾನೇ ಆರಿಸಿ ಕೇಳಬೇಕು ಎನ್ನುವುದೇ ಅವರ ದೊಡ್ಡ ಆಸೆಯಾಗಿಬಿಟ್ಟಿತು.

ಆ ಆಸೆಗೆ ಕಿವಿಗೊಟ್ಟವನು ಕಚೇರಿಯ ಲಿಫ್ಟ್ ಮೆಕ್ಯಾನಿಕ್. ಅವನದು ಸುಮ್ಮನಿರದ ಕೈ. ಲಿಫ್ಟ್ ಸರಿಯಾಗಿ ಓಡುತ್ತಿದ್ದರೆ ಅವನಿಗೆ ಬೇಜಾರಾಗಿ, ಗೋಡೆ ಗಡಿಯಾರವನ್ನೋ ಕ್ಯಾಂಟೀನಿನ ಮಿಕ್ಸಿಯನ್ನೋ ಬಿಚ್ಚಿ ಕೂರುತ್ತಿದ್ದ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದವನು, ಇದರ ಜೊತೆ ಬಂದ ಸಾಫ್ಟ್‌ವೇರನ್ನು ಬದಿಗೆ ಸರಿಸಿ ಬೇರೆಯದನ್ನು ಹಾಕಬಹುದು ಅಂದ. ಹವ್ಯಾಸಕ್ಕಾಗಿ ಯಾರ್ಯಾರೋ ಸೇರಿ ಬರೆದು ಪುಕ್ಕಟೆ ಹಂಚುವ ಸಾಫ್ಟ್‌ವೇರಂತೆ. ಬೇಕಾದ ಹಾಗೆ ತಿದ್ದಿಕೊಳ್ಳಬಹುದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಚಕ್ರ ತಿರುಗಿಸಿದಂತೆಲ್ಲ ಬೆರಳು ಎಲ್ಲಿದೆ ಎಂದು ಅದು ಬಾಯಿಬಿಟ್ಟು ಹೇಳುತ್ತದಂತೆ.

“ಕೆಟ್ಟುಹೋದ್ರೆ?” ಎಂದು ಹಲೋ ಕೇಳಿದರು.

“ಕೆಟ್ರೆ ಪೇಪರ್ ಹಾರದ ಹಾಗೆ ಮೇಲಿಡೋಕಾಗತ್ತೆ ಸಾರ್. ತೂಕ ಇದೆ.”

ಮರುದಿನ ಊಟದ ಬಿಡುವಿನಲ್ಲಿ ಲಿಫ್ಟಿನ ಮೋಟಾರು ಕೋಣೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮೆಕ್ಯಾನಿಕ್ ಹಳೆಯ ಕಂಪ್ಯೂಟರಿಗೆ ಡಬ್ಬಿಯನ್ನು ತಂತಿಯಿಂದ ಕಟ್ಟಿ ಒಂದೊಂದೇ ಕಡತ ದಾಟಿಸಿದ. ಹಲೋ ಎಣ್ಣೆ ಡಬ್ಬದ ಮೇಲೆ ಕೂತು, ಆಪರೇಷನ್ ಕೋಣೆಯ ಹೊರಗಿನ ನೆಂಟನಂತೆ ಕೈ ಹಿಸುಕಿಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಮೆಕ್ಯಾನಿಕ್‌ನ ಉಸಿರು ನಿಂತದ್ದು ಅವರಿಗೆ ಕೇಳಿಸಿತು.

“ಸಾರ್, ಪರದೆ ಪೂರ್ತಿ ಕತ್ತಲಾಗಿಬಿಡ್ತು.”

“ಅದರಿಂದ ನನಗೇನಯ್ಯಾ ನಷ್ಟ? ಬಾಯಿ ಬಂತಾ ನೋಡು,” ಅಂದರು ಹಲೋ.

ಬಾಯಿ ಬಂದಿತ್ತು. ಡಬ್ಬಿ ಗಂಟಲು ಸರಿಮಾಡಿಕೊಂಡು ಮೊದಲ ಮಾತಾಡಿತು. ಅದು ಕಂಪ್ಯೂಟರ್ ಹುಟ್ಟಿಸಿದ ದನಿ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಪರವೂರಿನವನೊಬ್ಬ ನಮ್ಮ ಭಾಷೆಯನ್ನು ಫೋನಿನಲ್ಲಿ ಕಲಿತಂತೆ ಇತ್ತು. ದಿನವಿಡೀ ಜನರ ದನಿಯಲ್ಲೇ ಬದುಕುವ ಹಲೋ ಅವರಿಗೆ ಹಲ್ಲು ಜುಮ್ಮೆಂದಿತು. ಇವನನ್ನು ದಿನಾ ಕಿವಿಯೊಳಗೆ ಬಾಡಿಗೆಗೆ ಇಟ್ಟುಕೊಳ್ಳಲಾರೆ ಅಂದುಬಿಟ್ಟರು. ಅದಕ್ಕೂ ಮೆಕ್ಯಾನಿಕ್ ಬಳಿ ಉಪಾಯವಿತ್ತು. ಮನುಷ್ಯರ ದನಿಯಲ್ಲೇ ಒಂದೊಂದು ಪದವನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಕೊಟ್ಟರೆ, ಡಬ್ಬಿ ಅವನ್ನೇ ಜೋಡಿಸಿ ಮಾತಾಡುತ್ತದೆ. ಅಂಕಿಗಳು, ಹಿಂದೆ ಮುಂದೆ, ನಿಲ್ಲಿಸು ನಡೆಸು, ಹಾಡುಗಳನ್ನು ಹಾಕಿಟ್ಟ ಫೋಲ್ಡರುಗಳ ಹೆಸರು, ಎಲ್ಲವನ್ನೂ. ಯಾರ ದನಿ ಬೇಕು ಎನ್ನುವುದಷ್ಟೇ ಪ್ರಶ್ನೆ.

ಹಲೋ ಅವರ ಮನೆಯಲ್ಲಿ ದನಿಗಳ ಪರೀಕ್ಷೆ ಶುರುವಾಯಿತು. ಮೊದಲು ನಾದಿನಿ. ಅವಳು ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರ್. ‘ಮುಂದೆ’, ‘ಹಿಂದೆ’ ಎಂದು ಅವಳು ಬಿಡಿಬಿಡಿಯಾಗಿ ಹೇಳಿದ್ದನ್ನು ಕೇಳಿ ಹಲೋ ಕೈಕಟ್ಟಿ ನೇರವಾಗಿ ಕೂತರು. ಹಾಡು ಬದಲಿಸಲು ಎದ್ದು ನಿಂತು ಅಪ್ಪಣೆ ಕೇಳಬೇಕೆನಿಸುತ್ತದೆ ಎಂದು ಅವಳನ್ನು ಬಿಟ್ಟರು. ಮೆಕ್ಯಾನಿಕ್‌ನ ದನಿ ತಂತಿ ಬ್ರಷ್ಷಿನಿಂದ ಬಾಣಲೆ ಉಜ್ಜಿದಂತಿತ್ತು. ಪಕ್ಕದಲ್ಲೇ ಹೊಲಿಗೆ ಯಂತ್ರ ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ, ಕೊನೆಗೆ ಬೆಟ್ಟ ಇಳಿಯುವ ಲಾರಿಯಂತೆ ಓಡುತ್ತಿತ್ತು. ಹಲೋ ಅದನ್ನು ಯೂನಿಫಾರ್ಮಿನ ಅವಸರ ಎಂದುಕೊಂಡರು.

ಕಡೆಗೆ ನಾದಿನಿಯೇ ಬಾಯಿಬಿಡಬೇಕಾಯಿತು. “ಭಾವ, ಊರವರ ದನಿಯೆಲ್ಲ ತೂಗಿ ನೋಡಿದ್ರಿ. ಮನೇಲಿ ಒಬ್ಬಳು ಇದ್ದಾಳೆ ಅನ್ನೋದು ನೆನಪಿದ್ಯಾ?”

ಹಲೋ ತಬ್ಬಿಬ್ಬಾದರು. ಅವರು ಹೆಂಡತಿಯ ದನಿಯನ್ನು ಬೇಡವೆಂದು ಬಿಟ್ಟಿರಲಿಲ್ಲ. ಮನೆಯ ಗೋಡೆ ಇದೆಯೋ ಇಲ್ಲವೋ ಎಂದು ಯಾರೂ ಪರೀಕ್ಷಿಸುವುದಿಲ್ಲವಲ್ಲ, ಹಾಗೆ. ಮೆತ್ತಗೆ, “ಏನೇ, ನೀನು ಹೇಳ್ತೀಯಾ?” ಎಂದು ಕೇಳಿದರು.

ಯಂತ್ರ ನಿಂತಿತು. “ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಈ ಕಿವೀಲಿ ಹೋಗಿ ಆ ಕಿವೀಲಿ ಬಂತು. ಈಗ ಎರಡೂ ಕಿವಿಗೆ ಬಿರಡೆ ಹಾಕ್ಕೊಂಡು ಕೇಳ್ತೀರಾ?”

ಮೆಕ್ಯಾನಿಕ್ ನಗು ತಡೆಯಲಾರದೆ ಚಹಾದ ಲೋಟದೊಳಗೆ ಕೆಮ್ಮಿದ. ಹಲೋ ಮಾತ್ರ ತಲೆತಗ್ಗಿಸಿ, ಕೇಳ್ತೀನಿ ಅಂದರು. ಆಕೆ ಒಂದು ಷರತ್ತಿನ ಮೇಲೆ ಒಪ್ಪಿದರು. ಕಾಗದದಲ್ಲಿ ಬರೆದುಕೊಟ್ಟ ಹಾಗೆ ಗಿಳಿಪಾಠ ಒಪ್ಪಿಸುವುದಿಲ್ಲ, ತನ್ನ ಮಾತಿನಲ್ಲೇ ಹೇಳುತ್ತೇನೆ. ಸಾಫ್ಟ್‌ವೇರಿಗೆ ಅದೂ ನಡೆಯುತ್ತದೆ ಎಂದು ಮೆಕ್ಯಾನಿಕ್ ಭರವಸೆ ಕೊಟ್ಟ.

ಆಕೆ ಕೆಲಸದ ನಡುನಡುವೆ, ಹಲೋ ಕಚೇರಿಯಲ್ಲಿದ್ದಾಗ, ತಂಗಿಯ ಫೋನಿನ ಮುಂದೆ ಕೂತು ಒಂದಿಷ್ಟು ಒಂದಿಷ್ಟಾಗಿ ಪದಗಳನ್ನು ಹೇಳಿ ಮುಗಿಸಿದರು. ತಂಗಿ ಅವನ್ನು ಮೆಕ್ಯಾನಿಕ್‌ಗೆ ಕಳಿಸಿದಳು. ಎಲ್ಲ ಡಬ್ಬಿಯೊಳಗೆ ಸೇರಿ ಮನೆಗೆ ಬಂದ ದಿನ ಆಕೆಯೇ ಅದನ್ನು ಗಂಡನ ಕೈಗಿಟ್ಟರು. “ತಗೊಳ್ಳಿ. ಇನ್ನು ನನ್ನ ಕೂಗೋ ಕೆಲಸ ಇಲ್ಲ ನಿಮಗೆ.” ಸದ್ಯ, ಇವಳ ತಲೆನೋವೂ ಕಳೆಯಿತು ಎಂದು ಹಲೋ ಹಿಗ್ಗಿದರು. ಉಸಿರಿನಲ್ಲೇ ಸೋಪು ಕಂಡುಹಿಡಿಯುವ ಕಿವಿಗೆ ಆ ಮಾತಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಡಬ್ಬಿ ಮಾತಾಡುವುದನ್ನು ಕೇಳಬೇಕು! ಆಕೆ ಪದಗಳನ್ನು ಒಂದೇ ಸಲ ಕೂತು ಹೇಳಿರಲಿಲ್ಲವಷ್ಟೆ, ಹಾಗಾಗಿ ಹೇಳಿದ ಹೊತ್ತಿನ ಹವೆಯೆಲ್ಲ ಪದಗಳಿಗೆ ಅಂಟಿಕೊಂಡಿತ್ತು. ಶಬ್ದ ಏರಿಸಿದಂತೆ ಅಂಕಿ ಹೇಳುವಾಗ ಹತ್ತರಿಂದ ಇಪ್ಪತ್ತರವರೆಗೆ ಜೇನು ಸುರಿಯುತ್ತಿತ್ತು, ಆಗ ಮನೆಯಲ್ಲಿ ಯಾರೋ ಅತಿಥಿಗಳು ಇದ್ದಿರಬೇಕು. ಮೂವತ್ತಕ್ಕೆ ನೆಗಡಿ. ನಲವತ್ತರ ಹಿಂದೆ ಕುಕ್ಕರ್ ಕೂಗಿ, ಅಂಕಿ ಅರ್ಧಕ್ಕೇ ಓಡಿಹೋಗಿತ್ತು. ಹಲೋ ಛತ್ರಿ ಕಳೆದುಕೊಂಡು ಬಂದ ಮರುದಿನ ‘ಹುಡುಕು’ ಎನ್ನುವ ಪದದ ಸರದಿ ಬಂದಿತ್ತೆಂದು ಕಾಣುತ್ತದೆ. ಅದನ್ನು ಒತ್ತಿದರೆ, “ಹುಡುಕಿ, ಹುಡುಕಿ, ಕಣ್ಣಿದ್ದೋರಿಗೇ ಸಿಗಲ್ಲ, ಇನ್ನು ನಿಮಗೆ ಸಿಗತ್ತಾ” ಎಂದು ಉರಿಯುತ್ತಿತ್ತು. ಬ್ಯಾಟರಿ ಕಡಿಮೆಯಾದರೆ, “ಇದಕ್ಕೂ ಹೊಟ್ಟೆ ಇದೆ ಕಣ್ರೀ, ಚಾರ್ಜಿಗೆ ಹಾಕಿ.” ಡಬ್ಬಿಯನ್ನು ಆರಿಸುವಾಗ ಕಾಗದದಲ್ಲಿ ಇದ್ದದ್ದು ‘ಸ್ಥಗಿತ’ ಎಂದು. ಅಂಥ ಅಪಶಕುನದ ಮಾತು ತನ್ನ ಬಾಯಲ್ಲಿ ಬರುವುದಿಲ್ಲ ಎಂದು ಆಕೆ ‘ಬರ್ತೀನಿ’ ಅಂದಿದ್ದರು.

ಮರುದಿನ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಹಲೋ ಯಾರನ್ನೂ ಕರೆಯದೆ ಚಕ್ರ ತಿರುಗಿಸಿ, ಕೊಳಲಿನ ಫೋಲ್ಡರು ಹುಡುಕಿ, ಬೇಕಾದ ಹಾಡು ಹಾಕಿಕೊಂಡರು. ಹಾಡು ಅರ್ಧ ಕೇಳಿ, ಸುಮ್ಮನೆ ಕೊಬ್ಬಿಗೆ, ಬೇರೆ ಹಾಕಿದರು. ಅದನ್ನೂ ಬಿಟ್ಟು ಇನ್ನೊಂದು. ಬಿಡುವು ಮುಗಿಯುವವರೆಗೂ ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ. ಹಗ್ಗ ಬಿಚ್ಚಿದ ಕರುವಿಗೆ ಹುಲ್ಲಿನ ಮೇಲೆ ಗಮನವಿರುತ್ತದೆಯೇ? ಕ್ಯಾಷಿಯರ್ ಸಹಾಯಕ್ಕೆ ಬಂದಾಗ ಅವನ ಭಾಷಣದ ಫೋಲ್ಡರನ್ನು ಅವನೆದುರೇ ಅಳಿಸಿದರು.

ಆ ಸಂಜೆ ಮೆಕ್ಯಾನಿಕ್ ಒಂದು ಕೊರತೆ ಹೇಳಿದ. ಫೋಲ್ಡರುಗಳ ಹೆಸರಿನಲ್ಲಿ ‘ಗೋಡೆ ಹಾಡು’ ಮಾತ್ರ ಬಂದಿಲ್ಲ, ಮನೆಯವರು ಮರೆತಿರಬೇಕು. ಅಲ್ಲಿಗೆ ಬಂದಾಗ ಡಬ್ಬಿ ಸುಮ್ಮನಿರುತ್ತದೆ.

ಗೋಡೆ ಹಾಡು ಎಂದರೇನೆಂದು ಅವನಿಗೆ ತಿಳಿದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹಲೋ ದಂಪತಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ರೇಡಿಯೋ ಇರಲಿಲ್ಲ. ಪಕ್ಕದ ಮನೆಯವರ ರೇಡಿಯೋ ಹಾಡಿದಾಗ ಇಬ್ಬರೂ ನಡುಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದರು. ಸುಣ್ಣ ಕಿವಿಗೆ ಮೆತ್ತಿಕೊಂಡರೆ ಆಕೆ ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಆ ಹಾಡುಗಳನ್ನೆಲ್ಲ ಹಲೋ ಈಗ ಒಂದು ಫೋಲ್ಡರಿಗೆ ಹಾಕಿಸಿದ್ದರು.

ಮರೆತದ್ದನ್ನು ಹೇಳಿಸಿಬಿಡೋಣ ಎಂದುಕೊಂಡೇ ಅವರು ಭಾನುವಾರ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಡಬ್ಬಿ ಹಿಡಿದು ಕೂತರು. ಹೊಲಿಗೆ ಯಂತ್ರ ಓಡುತ್ತಿತ್ತು. ಹಲೋ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿ ಚಕ್ರ ತಿರುಗಿಸಿದರು. ಕೊಳಲು, ನಾಟಕ, ಹಳೇ ಸಿನಿಮಾ ಎಂದು ಒಳಗಿನ ಹೆಂಡತಿ ಹೇಳುತ್ತಾ ಹೋದರು. ಚಕ್ರವನ್ನು ಇನ್ನೊಂದು ಚೂರು ತಿರುಗಿಸಿದರು. ಒಳಗೆ ಮೌನ.

ಹೊರಗೂ ಯಂತ್ರ ನಿಂತಿತು.

ದಾರ ಮುಗಿದು ನಿಂತ ಯಂತ್ರಕ್ಕೂ ಕಿವಿಗೊಟ್ಟು ನಿಂತ ಯಂತ್ರಕ್ಕೂ ಇರುವ ವ್ಯತ್ಯಾಸ ಹಲೋ ಅವರಿಗೆ ತಿಳಿಯದ್ದಲ್ಲ. ಅವರ ಬೆರಳು ಚಕ್ರದ ಮೇಲೆ ಹಾಗೇ ಉಳಿಯಿತು. ಅಷ್ಟು ಹೆಸರು ಹೇಳಿದವಳು ಇದೊಂದನ್ನೇ ಮರೆಯುತ್ತಾಳೆಯೇ? ಡಬ್ಬಿ ಕೈಗಿಟ್ಟ ದಿನ ‘ಇನ್ನು ನನ್ನ ಕೂಗೋ ಕೆಲಸ ಇಲ್ಲ’ ಎಂದು ಆಕೆ ಹೇಳಿದ ಮಾತು ಈಗ, ಇಷ್ಟು ತಡವಾಗಿ, ಅವರ ಕಿವಿ ಮುಟ್ಟಿತು. ಆಕೆ ಗೊಣಗಿಕೊಂಡು ಬರುತ್ತಿದ್ದುದು ನಿಜ. ಬಾರದೆ ಇದ್ದದ್ದು ಒಂದು ದಿನವೂ ಇರಲಿಲ್ಲ.

ಮೌನವಿರುವ ಜಾಗ ಇಡೀ ಡಬ್ಬಿಯಲ್ಲಿ ಇದೊಂದೇ. ಒತ್ತಿದರೆ ಹಾಡು ಬರುತ್ತಿತ್ತು. ಹಲೋ ಒತ್ತಲಿಲ್ಲ.

“ಏನೇ,” ಎಂದು ಕೂಗಿದರು, ಆಕೆ ಮೂರು ಮಾರು ದೂರದಲ್ಲಿದ್ದರೂ ಅಡುಗೆಮನೆಯಾಚೆಗೆ ಕೇಳುವ ಹಾಗೆ. “ಆ ಗೋಡೆ ಹಾಡು ಎಲ್ಲಿ ಹೋಯ್ತೋ, ಸಿಗ್ತಾನೇ ಇಲ್ಲ. ಬಾ ಇಲ್ಲಿ.”

“ಅಷ್ಟೆಲ್ಲ ಕಲಿಸಿದ್ರೂ ಕೊನೆಗೆ ನಾನೇ ಬರಬೇಕು,” ಎಂದು ಆಕೆ ಹೇಳುವಷ್ಟರಲ್ಲಿ ಕುರ್ಚಿ ಎಳೆದ ಸದ್ದೂ ಆಗಿತ್ತು. ಪಕ್ಕದಲ್ಲಿ ಕೂತು ಒತ್ತಿದರು. ಇಯರ್‌ಫೋನಿನ ಇನ್ನೊಂದು ತುದಿಯನ್ನು ಗಂಡ ಚಾಚಿದಾಗ ಬೇಡವೆನ್ನದೆ ಕಿವಿಗಿಟ್ಟುಕೊಂಡರು. ತಂತಿ ಗಿಡ್ಡ, ಹಾಗಾಗಿ ತಲೆಗಳು ಹತ್ತಿರವಾಗಲೇಬೇಕಾಯಿತು. ಸುಣ್ಣ ಮೆತ್ತುವ ಭಯವೊಂದು ಇರಲಿಲ್ಲ.

ಎರಡನೆಯ ಹಾಡಿನ ನಡುವೆ ಡಬ್ಬಿ ಇದ್ದಕ್ಕಿದ್ದಂತೆ ಇಬ್ಬರ ಕಿವಿಗೂ ಗದರಿತು: “ಇದಕ್ಕೂ ಹೊಟ್ಟೆ ಇದೆ ಕಣ್ರೀ, ಚಾರ್ಜಿಗೆ ಹಾಕಿ.”

ಆಕೆ ಬೆಚ್ಚಿ ತಲೆ ಹಿಂದಕ್ಕೆಳೆದರು. ತಾವು ಹೇಳಿದ್ದನ್ನು ಡಬ್ಬಿಯ ಬಾಯಿಂದ ಕೇಳಿದ್ದು ಅದೇ ಮೊದಲು. “ನಾನು ಇಷ್ಟು ಜೋರಾಗಿ ಮಾತಾಡ್ತೀನಾ?” ಎಂದು ಮೆತ್ತಗೆ ಕೇಳಿದರು.

ಸಿಟ್ಟಿನ ಗ್ರಾಹಕರನ್ನು ಇಷ್ಟು ವರ್ಷ ಸಂಭಾಳಿಸಿದ ಅನುಭವವೆಲ್ಲ ಹಲೋ ಅವರ ನೆರವಿಗೆ ಬಂತು.

“ಛೇ, ಇಲ್ಲ,” ಅಂದರು. “ಡಬ್ಬಿಗೇ ಕಿವಿ ಮಂದ, ಅದಕ್ಕೇ ಕೂಗಾಡತ್ತೆ.”