ಹೆಸರು ಬರೆಸಿದ ಬೆಂಚುಗಳು

ನಮ್ಮ ಹೈಸ್ಕೂಲಿನ ಚರಿತ್ರೆಯನ್ನು ನಾನು ಓದಿದ್ದು ಅದರ ಮೇಲೆ ಕೂತೇ ಎಂದರೆ ನೀವು ನಗಬಾರದು. ಕುಂದಾಪುರ ಪೇಟೆಯ ಅಂಚಿನ ಈ ಸರಕಾರಿ ಶಾಲೆ ಶುರುವಾದದ್ದು ಹಂಚಿನ ಗೋದಾಮಿನಲ್ಲಿ, ಚಾಪೆಯ ಮೇಲೆ. ಆಮೇಲೆ ಸರಕಾರ ತಲೆಯ ಮೇಲೊಂದು ಮಾಡು ಕೊಟ್ಟಿತು, ಮೇಷ್ಟ್ರುಗಳನ್ನು ಕೊಟ್ಟಿತು. ಮಿಕ್ಕದ್ದನ್ನೆಲ್ಲ ಊರು ಕೊಟ್ಟಿತು, ಕೊಟ್ಟದ್ದರ ಮೇಲೆಲ್ಲ ಹೆಸರು ಬರೆಸಿತು. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬುದನ್ನು ನಮ್ಮವರು ಒಪ್ಪುತ್ತಾರೆ. ಊರಿಗೆ ಗೊತ್ತಾಗಬಾರದು ಎಂದು ಯಾರೂ ಹೇಳಿಲ್ಲವಲ್ಲ!

ಹಲಸಿನ ಮರದ ಬೆಂಚುಗಳು ಬೇಸಾಯದ ಮನೆಗಳವು. ಕಬ್ಬಿಣದ ಕಪಾಟುಗಳು ಮುಂಬಯಿಯಲ್ಲಿ ಹೋಟೆಲಿಟ್ಟವರವು. ಫ್ಯಾನಿನ ಮೂರು ರೆಕ್ಕೆಗೂ ತಂದೆಯ ಹೆಸರು ಬರೆಸಿದ ಮಹನೀಯರೊಬ್ಬರಿದ್ದಾರೆ, ಆ ತಂದೆಯ ಕೀರ್ತಿ ಕರೆಂಟು ಹೋದಾಗ ಮಾತ್ರ ಓದಲು ಸಿಗುತ್ತದೆ. ನಮ್ಮಜ್ಜಯ್ಯ ತೀರಿಕೊಂಡಾಗ ಅಪ್ಪ ಕೊಟ್ಟ ಬೆಂಚೂ ಅಲ್ಲಿತ್ತು. ಅದರ ಮೇಲೆ ಕೂರುವ ಮೊದಲು ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಆದರೂ ಗಣಿತ ಬರಲಿಲ್ಲ.

ಹೆಸರೆಂದರೆ ತೀರಿಕೊಂಡವರದ್ದೇ ಎಂಬುದು ಇಲ್ಲಿನ ರೂಢಿ. ಅದನ್ನು ಮುರಿದವರು ಬೀಜಾಡಿಯ ಗುಲಾಬಿಯಕ್ಕ ಒಬ್ಬರೇ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವರು. ಗಂಡ ಬೇಗ ಹೋದರು, ಮಕ್ಕಳಿಲ್ಲ. ಅವರು ಬೆಂಚು ಮಾಡಿಸಿ ತಂದು ತಮ್ಮ ಹೆಸರನ್ನೇ ಬರೆಯಲು ಹೇಳಿದಾಗ ಡ್ರಾಯಿಂಗ್ ಮೇಷ್ಟ್ರು ಬ್ರಶ್ ಹಿಡಿದುಕೊಂಡೇ ತಕರಾರು ತೆಗೆದರಂತೆ.

"ನಾ ಸತ್ ಮೇಲೆ ಬರ್ಸುಕೆ ಯಾರಿದ್ರ್ ಮಾರಾಯ್ರೆ? ಈಗ್ಳೇ ಬರ್ದ್ ಬಿಡಿ" ಎಂದರಂತೆ ಗುಲಾಬಿಯಕ್ಕ. ಮೇಷ್ಟ್ರು ಬರೆದರು.

ಕಳೆದ ಬೇಸಿಗೆ ರಜೆಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಎಲ್ಲ ತರಗತಿಗಳಿಗೂ ಹೊಸ ಡೆಸ್ಕು ಕೊಡಿಸಿದರು. ಹಳೆ ಬೆಂಚುಗಳು ಜಗಲಿಗೆ ಬಂದವು. ಇನ್ನು ಇವು ಹರಾಜಿಗೆ, ಅಲ್ಲಿಂದ ಒಲೆಗೆ ಎಂಬ ಸುದ್ದಿ ಹಬ್ಬಿತು. ಕೊಟ್ಟ ಮನೆಯವರು ಬೇಕಾದರೆ ಒಯ್ಯಲಿ ಎಂದು ಹೆಡ್ ಮೇಡಂ ಮೇಲಿನವರ ಒಪ್ಪಿಗೆ ತಂದರು. ಮರುದಿನ ಗೇಟಿನಲ್ಲಿ ರಿಕ್ಷಾಗಳ ಸಾಲು.

"ಹ್ವಾಯ್, ನಮ್ ಅಜ್ಜಯ್ಯ ಎಲ್ಲಿದ್ರ್?" ಎಂದು ಒಬ್ಬರು ಕೇಳಿದರು.

"ಅಲ್ ಕಾಲ್ ಮೇಲ್ ಮಾಡ್ಕಂಡ್ ಬಿದ್ಕಂಡಿದ್ರ್ ಕಾಣಿ" ಎಂದ ಜವಾನ.

ನಾನೂ ಅಜ್ಜಯ್ಯನನ್ನು ಮನೆಗೆ ತಂದೆ. ತರುವಾಗ ಇದ್ದ ಭಕ್ತಿ ತಂದ ಮೇಲೆ ಇರುವುದಿಲ್ಲ. ಸ್ವಲ್ಪ ದಿನದಲ್ಲೇ ಅವರ ಮೇಲೆ ಒಗೆದ ಬಟ್ಟೆಯ ರಾಶಿ ಬಿತ್ತು.

ಕೊನೆಗೆ ಶಾಲೆಯಲ್ಲಿ ಉಳಿದದ್ದು ಗುಲಾಬಿಯಕ್ಕನ ಬೆಂಚು. ಕೊಂಡುಹೋಗಲು ಯಾರಿದ್ದಾರೆ? ಖಾಲಿ ಜಗಲಿಯಲ್ಲಿ ಅದೊಂದೇ ನಿಂತದ್ದು ಕಂಡು ನನಗೆ ಕಸಿವಿಸಿಯಾಯಿತು. ಮನುಷ್ಯರು ಬದುಕಿರುವಾಗಲೇ ಅವರ ಹೆಸರು ಒಲೆಗೆ ಹೋಗುವುದೆಂದರೇನು? ಮೇಡಮ್ಮೂ ನಾನೂ ಬೀಜಾಡಿಗೆ ಹೋದೆವು. ಬುಟ್ಟಿ ಹೊರುವುದನ್ನು ಬಿಟ್ಟಿದ್ದ ಗುಲಾಬಿಯಕ್ಕ ಕಾಲು ನೀಡಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಬೆಂಚನ್ನು ನಾವೇ ತಂದು ಕೊಡುತ್ತೇವೆ ಎಂದು ನಾನು ದೊಡ್ಡ ಉಪಕಾರದ ಧ್ವನಿಯಲ್ಲಿ ಹೇಳಿದೆ.

"ಮನಿಯೊಳ್ಗ್ ನಾನೇ ಇದ್ದೆ ಅಲ್ದಾ? ಹೆಸ್ರ್ ಇಲ್ಲೆಂತಕ್ಕೆ?" ಎಂದರು. "ಮಕ್ಕಳ್ ಕೂಕಂಬಲ್ಲಿ ಇರ್ಲಿ ಅಂದೇಳಿ ಕೊಟ್ಟದ್ದ್ ನಾನ್."

ತಿರುಗಿ ಬರುವಾಗ ಮೇಡಂ ಮೆಲ್ಲಗೆ, ಮಳೆಗಾಲದಲ್ಲಿ ಜಗಲಿಯೆಲ್ಲ ಒದ್ದೆ, ಬಿಸಿಯೂಟಕ್ಕೆ ಮಕ್ಕಳು ಹಾಗೇ ನೆಲದಲ್ಲಿ ಕೂರುತ್ತಾರೆ, ಈ ಬೆಂಚು ಅಲ್ಲಿರಲಿ ಎಂದರು. ಒಂದು ಬೆಂಚಿನಲ್ಲಿ ಎಷ್ಟು ಮಕ್ಕಳು ಕೂತಾರು ಎಂದೂ ಸೇರಿಸಿದರು. ಆ ಪ್ರಶ್ನೆ ಯಾರಿಗೆಂದು ನನಗೆ ಗೊತ್ತಾಯಿತು.

ಮರುದಿನ ಬಟ್ಟೆಯ ರಾಶಿ ತೆಗೆದು ಬೆಂಚನ್ನು ರಿಕ್ಷಾಕ್ಕೆ ಹೇರುವಾಗ ಹೆಂಡತಿ ಕೇಳಿದಳು, "ಅಜ್ಜಯ್ಯನ್ನ ಮತ್ತೆಲ್ಲಿಗ್ ಕಳ್ಸೂದ್?"

"ಶಾಲಿಗೆ" ಎಂದೆ.

ಅಜ್ಜಯ್ಯ ಹೆಬ್ಬೆಟ್ಟೊತ್ತಿದವರು. ಬದುಕಿದ್ದಾಗ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಹತ್ತಿದ್ದು ತೀರಿಕೊಂಡ ಮೇಲೆಯೇ. ಅಂಥವರನ್ನು ಅರ್ಧದಲ್ಲಿ ಶಾಲೆ ಬಿಡಿಸಿದ್ದು, ನೋಡಿ, ಓದಿದ ಮೊಮ್ಮಗ.