ಉಣ್ಣೆಗೆ ಮೈಲಿಗೆ ಇಲ್ಲ

ಉಣ್ಣೆ ಒದ್ದೆಯಾದಾಗ ಬರುವ ವಾಸನೆಯೇ ಬೇರೆ. ಟ್ರಂಕಿನಲ್ಲಿ ಮಡಿಸಿಟ್ಟಿದ್ದಾಗ ನುಸಿಗುಳಿಗೆಯ ವಾಸನೆ ಬಿಟ್ಟರೆ ತನ್ನದು ಅಂತ ಏನೂ ಇಲ್ಲದ ಉಣ್ಣೆ, ಮೇಲೆ ನಾಲ್ಕು ಹನಿ ಬಿಸಿನೀರು ಬಿದ್ದದ್ದೇ ತಡ, ತಾನು ಕುರಿಯ ಮೈಮೇಲೆ ಬೆಳೆದದ್ದನ್ನು ಜ್ಞಾಪಿಸಿಕೊಂಡುಬಿಡುತ್ತದೆ. ಮೊನ್ನೆ ಅಕ್ಕನ ಮಗಳು ಉತ್ತರಹಳ್ಳಿಯಿಂದ ಬಂದವಳು ಚೀಲದಿಂದ ಒಂದು ಪುಟ್ಟ ಮರೂನ್ ಟೋಪಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಚಿಕ್ಕಿ, ಅಂಚು ಬಿಟ್ಕೊಂಡಿದೆ. ನಮ್ಮ ಪಾಪುಗೆ ಹಾಕ್ಬೇಕು, ಸರಿ ಮಾಡ್ಕೊಡ್ತೀಯಾ?" ಅಂದಳು. ಪಾಪು ಅಂದರೆ ಅವಳ ಮೊಮ್ಮಗಳು. ಆ ಟೋಪಿ ಒಂದು ಕಾಲಕ್ಕೆ ಇವಳದೇ ತಲೆಯ ಮೇಲಿತ್ತು. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದ್ದಿದೆ. ಬಚ್ಚಲೆಲ್ಲ ಆ ವಾಸನೆ ತುಂಬಿಕೊಂಡಿತು. ನಾನು ಅಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ ಬಿಡಿ, ಅದು ಬಂದಾಗ ಕೆಲಸ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಹಳೆಯ ಮನೆಯ ಬಚ್ಚಲಿಗೂ ಇದೇ ವಾಸನೆ ಇತ್ತು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಜಯನಗರದಲ್ಲಿ ಸೈಟುಗಳಿಗೆ ಕಲ್ಲು ನೆಟ್ಟಿದ್ದರೇ ಹೊರತು ಮನೆಗಳು ಹಲ್ಲು ಬಿದ್ದ ಮಗುವಿನ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು. ಹಿತ್ತಲ ಗೋಡೆ ಹತ್ತಿ ನಿಂತರೆ ದಕ್ಷಿಣಕ್ಕೆ ಬರೀ ರಾಗಿ ಹೊಲ, ಅದರ ತುದಿಗೆ ಜರಗನಹಳ್ಳಿಯ ತೋಪು ಒಂದು ಕಪ್ಪು ಗೆರೆಯ ಹಾಗೆ ಕಾಣುತ್ತಿತ್ತು. ಮನೆಯೊಳಗೆ ಕೆಂಪು ಗಾರೆ ನೆಲ. ಬಚ್ಚಲಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಒಲೆ, ಅದರ ಮೇಲೆ ತಾಮ್ರದ ಹಂಡೆ, ತೆಂಗಿನ ಸಿಪ್ಪೆಯ ಹೊಗೆ. ಆ ಹೊಗೆಯಲ್ಲಿ ಮೇಲಿನ ಬಿದಿರು ಗಳದಿಂದ ಅಜ್ಜಿಯ ಧಾವಳಿ ಇಳಿಬಿದ್ದಿರುತ್ತಿತ್ತು. ಅಜ್ಜಿ ಎಂದರೆ ಅಪ್ಪನ ತಾಯಿ. ಅವರು ಸ್ನಾನ ಮಾಡಿ ಮಡಿಯುಟ್ಟರೆಂದರೆ ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮತ್ತೊಂದು ಸ್ನಾನ. ಮಡಿ ಸೀರೆ ಒಣಗದ ದಿನ ಈ ಒರಟು ಉಣ್ಣೆಯ ಧಾವಳಿ ಉಡುವರು. ಹತ್ತಿ ಬಟ್ಟೆಗೆ ಮೈಲಿಗೆ ಅಂಟುತ್ತದೆ, ಉಣ್ಣೆಗೆ ಅಂಟುವುದಿಲ್ಲ. ಅದು ಎಲ್ಲಿಂದ ಬಂದರೂ, ಯಾರ ಕೈ ದಾಟಿದರೂ ಶುದ್ಧವೇ. ಒಂದು ಚಳಿಯ ಬೆಳಗ್ಗೆ ನಾನು ಕಾನ್ವೆಂಟಿನ ಸ್ವೆಟರ್ ಹಾಕಿಕೊಂಡು, ಉಣ್ಣೆ ತಾನೇ ಎಂಬ ಧೈರ್ಯದಲ್ಲಿ ಅಜ್ಜಿಯನ್ನು ತಬ್ಬಿಕೊಳ್ಳಲು ಹೋಗಿದ್ದೆ. ಅವರು ಸೌಟು ಅಡ್ಡ ಹಿಡಿದರು. "ಮೇಲೆ ಉಣ್ಣೆ, ಒಳಗೆ ಹತ್ತಿ ಲಂಗ. ಅರ್ಧ ಮಡಿ ಅನ್ನೋದಿಲ್ಲ ಕಣೇ, ಆಚೆ ಹೋಗು!" ಒಲೆಯ ಮುಂದೆ ಕೂತಿದ್ದ ಅಮ್ಮ ತಲೆ ಎತ್ತದೆ ಕೇಳಿಸಿಕೊಂಡಳು.

ವಿಮಲಕ್ಕ ಮನೆ ಬಿಟ್ಟು ಆಗ ಒಂದು ವರ್ಷದ ಮೇಲಾಗಿತ್ತು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು ಅಲ್ಲೇ ಕೆಲಸ ಮಾಡುತ್ತಿದ್ದ ಜರಗನಹಳ್ಳಿಯ ಕೃಷ್ಣಪ್ಪ ಎಂಬುವರನ್ನು ರಿಜಿಸ್ಟರ್ ಮದುವೆಯಾದಳು. ಅವರದು ಬೇಸಾಯದ ಮನೆ, ನಮ್ಮ ಜಾತಿಯಲ್ಲ. ಮನೆಯಲ್ಲಿ ಕೂಗಾಟ ಏನೂ ಆಗಲಿಲ್ಲ. ಅಕ್ಕನ ಹೆಸರು ಹೇಳುವುದನ್ನು ನಿಲ್ಲಿಸಿದರು, ಅಷ್ಟೆ. "ಆ ಕಾನ್ವೆಂಟಿಗೆ ಹಾಕ್ಬೇಡಿ ಅಂದೆ, ಕೇಳಿದ್ರಾ?" ಎಂದು ಅಜ್ಜಿ ಗೋಡೆಗೆ ಹೇಳುವ ಹಾಗೆ ಹೇಳಿ ಜಪಕ್ಕೆ ಕೂತರು. ಅಪ್ಪ ಮಾತ್ರ, ಅಮ್ಮ ಎಷ್ಟು ಸಲ ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು. "ನನಗೇನೂ ಇಲ್ಲ ಕಮಲ. ನಮ್ಮಮ್ಮನ ಮಡಿಗೆ ಆಗಲ್ಲ. ಅವರಿರೋ ತನಕ ಆ ವಿಷಯ ಬೇಡ." ಅಕ್ಕನಿಗೆ ಹೆಣ್ಣು ಮಗು ಹುಟ್ಟಿತೆಂದು ತಿಳಿದ ದಿನವೂ ಇದನ್ನೇ ಹೇಳಿ ಪೇಪರು ಮುಖಕ್ಕೆ ಅಡ್ಡ ಹಿಡಿದರು. ಅಮ್ಮ ಅಟ್ಟ ಹತ್ತಿ ಟ್ರಂಕು ಇಳಿಸಿ, ಅಕ್ಕ ಬಿಟ್ಟುಹೋಗಿದ್ದ ಕಾನ್ವೆಂಟಿನ ಮರೂನ್ ಸ್ವೆಟರನ್ನು ತೆಗೆದು, ಕುತ್ತಿಗೆಯ ಹತ್ತಿರ ಒಂದು ಗಂಟು ಕತ್ತರಿಸಿದಳು.

ಸ್ವೆಟರ್ ಬಿಚ್ಚುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಎಳೆ ಎಳೆದ ಹಾಗೆ ಒಂದೊಂದೇ ಸಾಲು ಚಿರ್ ಎಂದು ಕರಗುತ್ತಾ ಬರುತ್ತದೆ. ತೋಳು ಹೋಯಿತು, ಎದೆ ಹೋಯಿತು, ಕೊನೆಗೆ ಶಾವಿಗೆಯ ಹಾಗೆ ಸುರುಳಿ ಸುರುಳಿಯಾದ ದಾರ ಮಾತ್ರ. ನಾನು ಎರಡೂ ಕೈ ಚಾಚಿ ನಿಂತೆ, ಅಮ್ಮ ದಾರವನ್ನು ನನ್ನ ಕೈಗಳಿಗೆ ಲಡಿಯಾಗಿ ಸುತ್ತಿದಳು. ಅದನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಸೊಟ್ಟ ಹೋಗಲಿ ಎಂದು ತುದಿಗೆ ಒಂದು ತಂಬಿಗೆ ಕಟ್ಟಿ, ಬಚ್ಚಲಿನ ಅದೇ ಗಳಕ್ಕೆ ತೂಗುಹಾಕಿದಳು. ಅಜ್ಜಿಯ ಧಾವಳಿ, ಅಕ್ಕನ ಸ್ವೆಟರಿನ ದಾರ ಎರಡೂ ಪಕ್ಕಪಕ್ಕದಲ್ಲಿ ತೊಟ್ಟಿಕ್ಕುತ್ತಿದ್ದವು. ಅಮ್ಮನಿಗೆ ನಿಟ್ಟಿಂಗ್ ಕಲಿಸಿದವಳೇ ಅಕ್ಕ. ಕಾನ್ವೆಂಟಿನಲ್ಲಿ ಸಿಸ್ಟರ್ ಹತ್ತಿರ ಕಲಿತು ಬಂದು, "ಒಂದು ಸೀದಾ, ಒಂದು ಉಲ್ಟಾ, ಅಷ್ಟು ಬಿಗಿ ಹಿಡೀಬೇಡಮ್ಮ" ಎಂದು ತಾಯಿಗೇ ಪಾಠ ಹೇಳುತ್ತಿದ್ದಳು.

ಅಮ್ಮ ಹೆಣೆದದ್ದು ಕೋಣೆಯಲ್ಲಿ ಕದ ಹಾಕಿಕೊಂಡು ಅಲ್ಲ. ಮುಂದಿನ ಜಗಲಿಯ ಮೇಲೆ, ರಸ್ತೆಗೆ ಮುಖ ಮಾಡಿ ಕೂತು. ಮೊದಲ ದಿನವೇ ಪಕ್ಕದ ಮನೆಯ ಶಾಂತಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಏನ್ರೀ ಕಮಲಮ್ಮ, ಇಷ್ಟು ಚಿಕ್ಕದು? ಯಾರಿಗ್ರೀ?" ಬೇಕೆಂದೇ ಕೇಳಿದ್ದು. ನಾನು ಹೆದರಿ ಅಮ್ಮನ ಮುಖ ನೋಡಿದೆ. "ನನ್ನ ಮೊಮ್ಮಗಳಿಗೆ ಕಣ್ರೀ," ಎಂದಳು ಅಮ್ಮ, ಒಳಗಿದ್ದ ಅಪ್ಪನಿಗೂ ಅಜ್ಜಿಗೂ ಕೇಳುವಷ್ಟು ಗಟ್ಟಿಯಾಗಿ. "ಒಂದು ಸ್ವಲ್ಪ ದೊಡ್ಡದಾಗೇ ಹಾಕ್ತಿದೀನಿ, ಬೆಳೆಯೋ ಮಗು." ಒಳಗೆ ಪೇಪರು ಸರಕ್ಕೆಂದಿತು, ಅಜ್ಜಿಯ ಜಪ ಒಂದು ಗಳಿಗೆ ನಿಂತು ಮುಂದುವರಿಯಿತು. ಅಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಅಕ್ಕನ ಸುದ್ದಿ ಹೊರಗಿನವರ ಎದುರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಮೇಲೆ ಅಮ್ಮನ ಕೆಲಸಗಳ ಸಂದಿಯಲ್ಲೆಲ್ಲ ಆ ಮರೂನ್ ಉಂಡೆ ಉರುಳಾಡುತ್ತಿತ್ತು. ಹಾಲು ಕಾಯಲಿಟ್ಟು ಎರಡು ಸಾಲು, ಕುಕ್ಕರಿಲ್ಲದ ಕಾಲ, ಬೇಳೆ ಬೇಯುವುದರೊಳಗೆ ನಾಲ್ಕು ಸಾಲು. ಎದ್ದು ಹೋಗುವಾಗ ಕಡ್ಡಿಗಳನ್ನು ತುರುಬಿಗೆ ಸಿಕ್ಕಿಸಿಕೊಳ್ಳುವಳು. ಅದು ಅವರೆಕಾಯಿ ಕಾಲ. ಬೆಳಗ್ಗೆಯೆಲ್ಲ ನೆನೆಸಿದ ಅವರೆಕಾಳು ಹಿತುಕಿ, ಅದೇ ಕೈಯನ್ನು ಸೆರಗಿಗೆ ಒರೆಸಿ ಹೆಣೆಯಲು ಕೂರುವಳು. ಹಾಗಾಗಿ ಆ ಬಟ್ಟೆಗಳಿಗೆಲ್ಲ ಅವರೆಯ ಸೊಗಡು ಹತ್ತಿತ್ತು.

ಅಳತೆ ತರುತ್ತಿದ್ದವಳು ಸೊಪ್ಪಿನ ಮುನಿಯಮ್ಮ. ಜರಗನಹಳ್ಳಿಯಿಂದ ಬುಟ್ಟಿ ಹೊತ್ತು ನಮ್ಮ ರಸ್ತೆಗೆ ಬರುವಳು, ಸೊಪ್ಪಿನ ಕಂತೆ ಕಟ್ಟುವ ಬಾಳೆನಾರಿನಲ್ಲೇ ಮಗುವಿನ ಅಳತೆ ತರುವಳು. ತಲೆಯ ಸುತ್ತಿಗೆ ಒಂದು ನಾರು, ಎದೆಗೊಂದು, ಕಾಲಿಗೊಂದು ಗಂಟು. "ನಾರು ಒಣಗಿದ್ರೆ ಕುಗ್ತದೆ ಅಮ್ಮಾವ್ರೆ, ಈಗ್ಲೇ ನೋಡ್ಕಳಿ. ನಿಮ್ಮ ಮೊಮ್ಮಗ್ಳು ಅಳ್ತೆ ತಗಳ್ಳೋಕೆ ಬಿಡ್ತಾಳಾ, ನನ್ನ ಕಿವಿ ಓಲೆನೇ ಕಿತ್ಕತಾಳೆ! ಅಜ್ಜಿ ಥರಾನೇ ಜೋರು," ಅನ್ನುವಳು. "ಯಾವ ಅಜ್ಜಿ ಥರ?" ಎಂದು ಒಳಗಿನಿಂದ ಅಜ್ಜಿಯ ದನಿ ಬರುವುದು. ಮುನಿಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುವಳು.

ಟೋಪಿ ಆಯಿತು, ಸ್ವೆಟರ್ ಆಯಿತು, ಕಾಲುಚೀಲ ಆಯಿತು. ಅಮ್ಮ ನಿಲ್ಲಿಸಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಒಂದು ಪೈಜಾಮ ಹೆಣೆದಳು, ಎರಡು ಕೈಗವಸು ಹೆಣೆದಳು. ಕಡೆಗೆ ಒಂದು ಲಂಗೋಟಿಯನ್ನೂ ಹೆಣೆಯುವುದನ್ನು ನೋಡಿ ನನಗೆ ನಗು ತಡೆಯಲಿಲ್ಲ. "ಉಣ್ಣೆ ಲಂಗೋಟಿನಾ? ಇಷ್ಟೆಲ್ಲ ಯಾಕಮ್ಮ, ಮಗು ಬೆವೆತು ಹೋಗತ್ತೆ!" ಅಮ್ಮ ಕಡ್ಡಿ ನಿಲ್ಲಿಸದೆ ಹೇಳಿದಳು. "ಒಂದು ಬೆರಳಗಲ ಹತ್ತಿ ಕಾಣಬಾರದು." ಆಗ ನನಗೆ ಅಜ್ಜಿಯ ಸೌಟು ನೆನಪಾಯಿತು. ಅಪ್ಪ ಹೇಳುತ್ತಿದ್ದ ಒಂದೇ ಕಾರಣ ಅಜ್ಜಿಯ ಮಡಿ. ಅಮ್ಮ ಅದೇ ಮಡಿಯ ಕಾಯಿದೆಯ ಪ್ರಕಾರ, ತಲೆಯಿಂದ ಕಾಲಿನವರೆಗೆ, ಮಗುವಿಗೆ ಬಾಗಿಲು ಹೆಣೆಯುತ್ತಿದ್ದಳು. "ಬರಿಮೈಲಿ ಎತ್ಕೊಂಡು ಬಂದ್ರೂ ಆಗತ್ತಲ್ಲಮ್ಮ, ಬರಿಮೈ ಮಕ್ಕಳಿಗೂ ಮೈಲಿಗೆ ಇಲ್ವಲ್ಲ?" ಎಂದೆ. ಅಮ್ಮನ ಕೈ ಆಗ ನಿಂತಿತು. "ನನ್ನ ಮೊಮ್ಮಗಳು ಈ ಮನೆಗೆ ಮೊದಲನೇ ಸಲ ಬರಿಮೈಲಿ ಬರೋದಿಲ್ಲ," ಎಂದಳು.

ಹೆಣೆದದ್ದನ್ನೆಲ್ಲ ಅಮ್ಮ ಮುನಿಯಮ್ಮನ ಬುಟ್ಟಿಯಲ್ಲಿಟ್ಟು, ಮಗುವಿಗೆ ಅದನ್ನೇ ಹಾಕಿ ಸಂಕ್ರಾಂತಿಯ ಬೆಳಗ್ಗೆ ಬರಬೇಕೆಂದು ಅಕ್ಕನಿಗೆ ಹೇಳಿ ಕಳಿಸಿದ್ದಳು. ಹಬ್ಬದ ಹುಗ್ಗಿ ಒಲೆಯ ಮೇಲಿತ್ತು. ಗೇಟಿನ ಸದ್ದಾಯಿತು. ನೋಡಿದರೆ ವಿಮಲಕ್ಕ, ನೀಲಿ ಹತ್ತಿ ಸೀರೆಯಲ್ಲಿ, ಮಗುವನ್ನು ಎದೆಗೊತ್ತಿಕೊಂಡು. ರಸ್ತೆಯ ಆಚೆ ಬದಿಗೆ ಕೃಷ್ಣಪ್ಪನವರು ಸೈಕಲ್ ಹಿಡಿದು, ನಮ್ಮ ಮನೆಯ ಕಡೆ ನೋಡದೆ ನಿಂತಿದ್ದರು. ಅಕ್ಕ ಒಳಗೆ ಬಂದು, ಜಗಲಿಯ ಮೇಲೆ ಅಮ್ಮ ಹಾಸಿಟ್ಟಿದ್ದ ಕಂಬಳಿಯಲ್ಲಿ ಮಗುವನ್ನು ಮಲಗಿಸಿ, ಯಾರನ್ನೂ ಮುಟ್ಟದೆ ಮತ್ತೆ ಗೇಟಿಗೆ ಹೋಗಿ ನಿಂತಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದೇ ಮನೆಯಲ್ಲಿ ಬೆಳೆದವಳು. ಇವತ್ತಿಗೂ ನನಗೆ ಆ ಹತ್ತು ಹೆಜ್ಜೆ ನೆನೆದರೆ ಮೈ ಉರಿಯುತ್ತದೆ. ಅಮ್ಮ ಮಗುವನ್ನು ಎತ್ತಿಕೊಂಡು ನೆಟ್ಟಗೆ ಅಡಿಗೆಮನೆಯ ಹೊಸಿಲಿಗೆ ಹೋದಳು. "ಅತ್ತೆ, ನೋಡಿ. ತಲೆಯಿಂದ ಕಾಲಿನವರೆಗೂ ಉಣ್ಣೆ. ಒಳಗೂ ಉಣ್ಣೆ. ಎಲ್ಲಾದ್ರೂ ಹತ್ತಿ ಸಿಕ್ಕಿದ್ರೆ ಹೇಳಿ, ಹೀಗೇ ವಾಪಸ್ ಕಳಿಸ್ತೀನಿ." ಅಪ್ಪ ನಡುಮನೆಯಲ್ಲಿ ಎದ್ದು ನಿಂತರು.

ಅಜ್ಜಿ ಅವಸರ ಪಡಲಿಲ್ಲ. ಕನ್ನಡಕ ಹಾಕಿಕೊಂಡರು. ಬಗ್ಗಿ ನೋಡಿ, "ಗುಂಡಿ ಹೊಲಿದಿರೋ ದಾರ?" ಎಂದರು.

"ಗುಂಡಿನೇ ಇಲ್ಲ. ಉಣ್ಣೆದೇ ಕಟ್ಟು."

"ಲಂಗೋಟಿ?"

"ಅದೂ."

ಅಜ್ಜಿಯ ತುಟಿಯ ಕೊನೆ ಒಂದಿಷ್ಟು ಅಲುಗಿತು. "ಇದು ಅವಳ ಸ್ಕೂಲ್ ಸ್ವೆಟರ್ ಅಲ್ವೇನೇ?" ಎಂದರು. ಅಮ್ಮ ಹೌದೆಂದಳು. ಅಜ್ಜಿ ಮಣೆ ಎಳೆದು ಕೂತು ಎರಡೂ ಕೈ ಚಾಚಿದರು. ಮಗು ಅವರ ತುಳಸಿ ಮಣಿಯ ಸರವನ್ನು ಹಿಡಿದು ಜಗ್ಗಿ ಬಾಯಿಗೆ ಹಾಕಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಗೇಟಿನ ಕಡೆ ನೋಡಿ, "ಅವಳಿಗೂ ಒಂದು ಹೆಣೀಬಾರದೇನೇ? ಶಾಲೋ ಗೀಲೋ," ಎಂದರು. ಅಷ್ಟು ಸಿಕ್ಕಿದ್ದೇ ಹೆಚ್ಚು ಎಂದು ನಾನಂದುಕೊಂಡೆ. ಅಮ್ಮ ಮಾತ್ರ ತುರುಬಿನಿಂದ ಕಡ್ಡಿಗಳನ್ನು ತೆಗೆದು ನೆಲದ ಮೇಲಿಟ್ಟಳು. "ಹೆಣೆಯೋಲ್ಲ ಅತ್ತೆ. ಮಗು ಕೂಸು, ಅದಕ್ಕೆ ಹೆಣೆದೆ. ನನ್ನ ಮಗಳು ತನ್ನ ಸೀರೆ ಉಟ್ಕೊಂಡೇ ಒಳಗೆ ಬರ್ಬೇಕು. ಇಲ್ಲ ಅಂದ್ರೆ ಹುಗ್ಗಿ ಇಳಿಸಿ ನಾನೂ ಗೇಟಿಗೆ ಹೋಗಿ ನಿಲ್ತೀನಿ." ಅಮ್ಮನ ದನಿ ಏರಿರಲಿಲ್ಲ. ಹುಗ್ಗಿ ಮಾತ್ರ ಕುದಿಯುತ್ತಿತ್ತು.

ಆಗ ಮಗು ಹೊಯ್ದುಬಿಟ್ಟಿತು. ಉಣ್ಣೆ ಲಂಗೋಟಿ ಏನು ತಡೆಯುತ್ತದೆ, ಅಜ್ಜಿಯ ಮಡಿ ಸೀರೆಯ ಮೇಲೆ ಧಾರೆಯಾಗಿ ಇಳಿಯಿತು. ಅಜ್ಜಿ ತೊಡೆಯನ್ನು ನೋಡಿಕೊಂಡರು, ಮಗುವನ್ನು ನೋಡಿದರು. "ಸರಿಹೋಯ್ತು. ಹೇಗೂ ಇನ್ನೊಂದು ಸ್ನಾನ ಆಗಲೇಬೇಕು," ಎಂದರು. "ಅವಳನ್ನ ಒಳಗೆ ಕರಿ. ಎಲ್ಲ ಮುಟ್ಟಿಸ್ಕೊಂಡೇ ಒಟ್ಟಿಗೆ ಮಾಡ್ತೀನಿ. ಏ ಪುಟ್ಟೀ, ಹಂಡೆಗೆ ಉರಿ ಹಾಕು." ಅಪ್ಪ ಏನೋ ಹೇಳಲು ಬಾಯಿ ತೆರೆದರು. "ನನ್ನ ಮಡಿ ನಾನು ನೋಡ್ಕೋತೀನಿ ಕಣೋ," ಎಂದರು ಅಜ್ಜಿ. "ನಿನಗೆ ಆಫೀಸಿನೋರು ಏನಂತಾರೋ ಅಂತ ತಾನೇ? ಅದಕ್ಕೆ ನನ್ನ ಯಾಕೆ ಅಡ್ಡ ಹಿಡೀತೀಯಾ?" ಅಪ್ಪ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ, ಕೃಷ್ಣಪ್ಪನವರ ಮುಖ ನೋಡಲಾರದೆ, ಅವರ ಸೈಕಲ್ಲನ್ನು ತಾವೇ ಹಿಡಿದು ಒಳಗೆ ತಳ್ಳಿಕೊಂಡು ಬಂದರು. ಸೈಕಲ್ ಹೋದ ಮೇಲೆ ಅವರೂ ಹಿಂದೆ ಬರಲೇಬೇಕಾಯಿತು. ನಾನು ಒಲೆಗೆ ತೆಂಗಿನ ಸಿಪ್ಪೆ ತುರುಕಿ ಊದುತ್ತಾ ಅತ್ತುಬಿಟ್ಟೆ, ಹೊಗೆಗೇ ಇರಬೇಕು. ಸಂಜೆ ಎಳ್ಳು ಬೀರಿ, ಮಗುವಿನ ತಲೆಯ ಮೇಲೆ ಎಲಚಿ ಹಣ್ಣು ಎರೆದಾಗ ಮೊದಲ ಬೊಗಸೆ ಅಜ್ಜಿಯದೇ.

ಎಷ್ಟೋ ವರ್ಷಗಳ ಮೇಲೆ ಅಮ್ಮ ನನಗೆ ಹೇಳಿದಳು. ನಾನು ಕೂಸಾಗಿದ್ದಾಗ ಅಜ್ಜಿಯ ಮಡಿಯ ಮೇಲೆ ದಿನಾ ಹೊಯ್ಯುತ್ತಿದ್ದೆನಂತೆ. "ಹಾಲು ಕುಡಿಯೋ ಕೂಸಿಂದು ತೀರ್ಥ" ಎಂದು ಅಜ್ಜಿ ಸೀರೆ ಕೊಡವಿಕೊಂಡು ಜಪಕ್ಕೆ ಹೋಗುತ್ತಿದ್ದರಂತೆ, ಅದಕ್ಕೆಂದು ಒಂದು ದಿನವೂ ಮತ್ತೆ ಸ್ನಾನ ಮಾಡಿದವರಲ್ಲ.

ಆ ಕಾಲವೇ ಚೆನ್ನಾಗಿತ್ತು ಎಂದು ನನ್ನ ವಯಸ್ಸಿನವರು ಹೇಳಿದಾಗ ನಾನು ಒಪ್ಪುವುದಿಲ್ಲ. ಗೇಟಿನಲ್ಲಿ ನಿಂತಿದ್ದವಳು ನನ್ನ ಅಕ್ಕ. ಒಂದು ಹಂಡೆ ಬಿಸಿನೀರಿಗೆ ಮುಗಿಯುತ್ತಿದ್ದದ್ದಕ್ಕೆ ಅವಳನ್ನು ಅಷ್ಟು ದಿನ ಕಾಯಿಸಿದ ಕಾಲ ಅದು. ಅಜ್ಜಿಯನ್ನು ಬರೀ ಮಡಿ ಮುದುಕಿ ಎಂದರೆ ಅದನ್ನೂ ಒಪ್ಪುವುದಿಲ್ಲ. ಈಗ ಅವರು ಯಾರೂ ಇಲ್ಲ. ಅಕ್ಕನೂ ಹೋಗಿ ವರ್ಷವಾಗುತ್ತಾ ಬಂತು. ಮನೆ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ, ಹಿತ್ತಲ ಗೋಡೆ ಇದ್ದಲ್ಲಿ ಕಾರು ನಿಲ್ಲಿಸುತ್ತಾರೆ, ಅಲ್ಲಿಂದ ಜರಗನಹಳ್ಳಿ ಕಾಣುವುದಿಲ್ಲ. ಟೋಪಿಯ ಅಂಚಿಗೆ ಹೊಂದುವ ಮರೂನ್ ದಾರ ಎಲ್ಲೂ ಸಿಗಲಿಲ್ಲ. ಅಂಗಡಿಯ ಹುಡುಗಿ, "ಆಂಟಿ, ಹೊಸದೇ ರೆಡಿಮೇಡ್ ತಗೊಳ್ಳಿ, ಸಾಫ್ಟ್ ಆಗಿದೆ," ಅಂದಳು. ನಾನು ಹಳದಿ ದಾರ ತಂದು ಹೆಣೆದೆ, ಜೋಡಿಸಿದ್ದು ಎದ್ದು ಕಾಣುವ ಹಾಗೆ. ಕಾಣಲಿ. ಬಿಚ್ಚಿಹೋದದ್ದನ್ನು ನಮ್ಮ ಮನೆಯಲ್ಲಿ ಹೆಣೆದಿದ್ದು ಯಾವತ್ತೂ ಜಗಲಿಯ ಮೇಲೆ ಕೂತೇ.

ಮತ್ತೊಮ್ಮೆ ತೊಳೆದ ಟೋಪಿ ಈಗ ಬಚ್ಚಲಿನ ತಂತಿಯ ಮೇಲೆ ತೊಟ್ಟಿಕ್ಕುತ್ತಿದೆ. ಇಲ್ಲಿ ಹಂಡೆಯೂ ಇಲ್ಲ, ಒಲೆಯೂ ಇಲ್ಲ. ಗೋಡೆಯ ಗೀಸರಿನ ಸ್ವಿಚ್ ಒತ್ತಿದೆ, ಕೆಂಪು ದೀಪ ಹತ್ತಿತು. ನಾಳೆ ಪಾಪು ಬರುತ್ತಾಳೆ, ಅವರಮ್ಮನ ಜೊತೆ.